ತ್ಯಾಗದ ಪ್ರೀತಿ: ಕ್ರೈಸ್ತ ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಮ್ಮ ಸಭೆಯಲ್ಲಿ ತುಂಬಾ ವರ್ಷಗಳಿಂದ ಸಂಡೇ ಸ್ಕೂಲ್ ಟೀಚರ್. ಶುಭ ಶುಕ್ರವಾರ ಹತ್ತಿರ ಬಂದಾಗ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುತ್ತಾರೆ. ಅವರ ಅಮ್ಮಂದಿರು ಚರ್ಚ್ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಹಿಂದೂ, ಮುಸ್ಲಿಂ ಗೆಳತಿಯರೂ ಕೇಳುತ್ತಾರೆ. ಆ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನಾನು ಪ್ರೊಟೆಸ್ಟೆಂಟ್. ಕ್ಯಾಥೊಲಿಕರ ರೂಢಿ ಬೇರೆ ಇರುವ ಕಡೆ ಅದನ್ನೂ ಹೇಳಿದ್ದೇನೆ.

ತ್ಯಾಗದ ಪ್ರೀತಿ ಅಂದರೆ ಏನು?

ಇನ್ನೊಬ್ಬರ ಒಳಿತಿಗಾಗಿ ನಮ್ಮದನ್ನು ಮನಸಾರೆ ಕೊಡುವ ಪ್ರೀತಿ. ಇದರಲ್ಲಿ "ಮನಸಾರೆ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಕನ್ನಡದಲ್ಲಿ ತ್ಯಾಗ ಅಂದ ತಕ್ಷಣ ನಮಗೆ "ಬಿಡುವುದು" ನೆನಪಾಗುತ್ತದೆ. ಶ್ರವಣಬೆಳಗೊಳದ ಬಾಹುಬಲಿ ಕಣ್ಣ ಮುಂದೆ ಬರುತ್ತಾನೆ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನು. ಅದು ದೊಡ್ಡ ದಾರಿ, ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಯೇಸು ಸ್ವಾಮಿಯ ಬದುಕಿನಲ್ಲಿ ಕಾಣುವ ತ್ಯಾಗದ ಮುಖ ಬೇರೆ ಕಡೆ ತಿರುಗಿದೆ. ಇಲ್ಲಿ ಏನು ಬಿಟ್ಟೆ ಅನ್ನುವುದಕ್ಕಿಂತ ಯಾರಿಗೆ ಕೊಟ್ಟೆ ಅನ್ನುವುದು ಮುಖ್ಯ. ಎದುರಿಗೆ ಯಾವಾಗಲೂ ಒಬ್ಬ ಮನುಷ್ಯ ಇರುತ್ತಾನೆ: ಕುಷ್ಠರೋಗಿ, ಸಮಾರ್ಯದ ಹೆಂಗಸು, ಪಕ್ಕದ ಶಿಲುಬೆಯ ಕಳ್ಳ.

ಅಗಾಪೆ ಅನ್ನುವ ಪದ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅದು ದೇವರ ಪ್ರೀತಿಗೆ ಮಾತ್ರ ಬಳಸುವ ಪದವೇ?

ಅಲ್ಲ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅದರಲ್ಲಿ ಪ್ರೀತಿಗೆ ಜಾಸ್ತಿ ಬರುವ ಪದ ಅಗಾಪೆ, ಅಷ್ಟು ನಿಜ. ಆದರೆ ದೇಮ ಅನ್ನುವವನು ಈ ಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಹೋದ ಎಂದು ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಇದೆಯಲ್ಲ, ಅಲ್ಲೂ ಇದೇ ಪದದ ಕ್ರಿಯಾರೂಪ ಇದೆ. ಹಾಗಾಗಿ ಪದದೊಳಗೆ ಮಂತ್ರ ಏನೂ ಇಲ್ಲ. ಯೇಸು ಹೇಗೆ ಬದುಕಿದರು ಅನ್ನುವುದರಿಂದ ಆ ಪದಕ್ಕೆ ತೂಕ ಬಂತು.

ಶಿಲುಬೆ ಒಂದು ಶಿಕ್ಷೆ ಅಲ್ವಾ? ಅದನ್ನು ಪ್ರೀತಿಯ ಗುರುತು ಅನ್ನುವುದು ಹೇಗೆ?

ಹೌದು, ಶಿಕ್ಷೆಯೇ. ರೋಮನ್ನರು ಗುಲಾಮರನ್ನೂ ದಂಗೆ ಎದ್ದವರನ್ನೂ ಶಿಲುಬೆಗೆ ಹಾಕುತ್ತಿದ್ದರು. ಎಲ್ಲರೂ ನೋಡಿ ಹೆದರಲಿ ಅಂತಲೇ ಜನ ಓಡಾಡುವ ಕಡೆ ನೆಡುತ್ತಿದ್ದರು. ನೋವಿನ ಜೊತೆಗೆ ಮಾನವನ್ನೂ ತೆಗೆಯುವ ಸಾವು ಅದು. ನಾವು ಇವತ್ತು ಅದನ್ನು ಚಿನ್ನದ ಸರದಲ್ಲಿ ಹಾಕಿಕೊಳ್ಳುತ್ತೇವೆ, ಆದ್ದರಿಂದ ಆ ಭಯ ನಮಗೆ ಗೊತ್ತಾಗುವುದಿಲ್ಲ. ಮೊದಲಿನ ಕ್ರೈಸ್ತರಿಗೆ ಗೊತ್ತಿತ್ತು. ಹಲವು ತಲೆಮಾರು ಅವರು ಶಿಲುಬೆಯ ಮೇಲಿನ ಯೇಸುವಿನ ಚಿತ್ರ ಮಾಡುತ್ತಿದ್ದುದೇ ಅಪರೂಪ. ರೋಮ್‌ನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ ಅಂಥ ಒಂದು ಕೆತ್ತನೆ ಇದೆ. ಉಳಿದಿರುವ ಅತಿ ಹಳೆಯವುಗಳಲ್ಲಿ ಅದೂ ಒಂದು. ಅದೇ 5ನೇ ಶತಮಾನದ್ದು.

ಆ ಮರಕ್ಕೆ ತನ್ನಷ್ಟಕ್ಕೆ ಯಾವ ಪ್ರೀತಿಯೂ ಇಲ್ಲ. ಅದರ ಮೇಲಿದ್ದವರು ಆ ಹೊತ್ತಿನಲ್ಲಿ ಏನು ಮಾಡಿದರು ನೋಡಿ. ಮೊಳೆ ಹೊಡೆದವರನ್ನು ಕ್ಷಮಿಸು ಎಂದು ಬೇಡಿದರು. ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದರು. ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಗೆ ಧೈರ್ಯ ಹೇಳಿದರು. ಉಸಿರು ಎಳೆಯುವುದೇ ಕಷ್ಟವಾದಾಗಲೂ ಗಮನ ಬೇರೆಯವರ ಮೇಲೇ ಇತ್ತು.

ದೇವರು ಸ್ವಂತ ಮಗನನ್ನೇ ಬಲಿ ಕೇಳಿದರು ಅಂದರೆ ಅದು ಕ್ರೌರ್ಯ ಅಲ್ವಾ?

ಈ ಪ್ರಶ್ನೆ ಕೇಳಿದವರನ್ನು ನಾನು ಎಂದೂ ಸುಮ್ಮನಿರಿಸುವುದಿಲ್ಲ. ಇದು ನ್ಯಾಯವಾದ ಪ್ರಶ್ನೆ. ಕೋಪ ಬಂದ ಅಪ್ಪ, ಏನೂ ತಪ್ಪು ಮಾಡದ ಮಗನನ್ನು ಹೊಡೆದು ಸಮಾಧಾನ ಮಾಡಿಕೊಂಡ ಅನ್ನುವ ಹಾಗೆ ಕೆಲವರು ಪಾಠ ಹೇಳುತ್ತಾರೆ. ಚಿಕ್ಕವಳಿದ್ದಾಗ ನಾನೂ ಹಾಗೇ ಕೇಳಿ ರಾತ್ರಿ ಹೆದರಿದ್ದೆ.

ಆದರೆ ಕ್ರೈಸ್ತ ನಂಬಿಕೆಯಲ್ಲಿ ಯೇಸು ದೇವರಿಂದ ಬೇರೆಯಾದ ಮೂರನೆಯವರಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರು. ಅಂದಮೇಲೆ ಶಿಲುಬೆಯ ಮೇಲೆ ದೇವರು ಬೇರೆ ಯಾರನ್ನೋ ಕೊಡಲಿಲ್ಲ, ತಮ್ಮನ್ನೇ ಕೊಟ್ಟುಕೊಂಡರು. ಇನ್ನೊಂದು ಮಾತು ಯೋಹಾನನ ಸುವಾರ್ತೆಯ (ಯೇಸುವಿನ ಬದುಕಿನ ಕಥೆ ಹೇಳುವ ಬೈಬಲ್ ಪುಸ್ತಕ) 10ನೇ ಅಧ್ಯಾಯದಲ್ಲಿದೆ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೇಸು ಹೇಳುತ್ತಾರೆ. ಇದನ್ನು ಬಿಟ್ಟು ಶಿಲುಬೆಯನ್ನು ವಿವರಿಸಿದರೆ ಉಳಿಯುವುದು ಕ್ರೌರ್ಯವೇ.

ಹಾಗಂತ ಅವರಿಗೆ ಅದು ಸುಲಭವಾಗಿರಲಿಲ್ಲ. ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು ಬೇಡಿಕೊಂಡರು. ಗೆಳೆಯರು ಎಚ್ಚರವಾಗಿರಲಿ ಅಂತ ಆಸೆಪಟ್ಟರು, ಅವರು ನಿದ್ದೆಗೆ ಜಾರಿದರು. ಈ ಭಾಗವನ್ನು ಸುವಾರ್ತೆ ಬರೆದವರು ಮುಚ್ಚಿಡಲಿಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ. ಹೆದರಿಕೆ ಇದ್ದರೂ ಪ್ರೀತಿ ಇರಬಹುದು.

ಶಿಲುಬೆ "ಹೇಗೆ" ನಮ್ಮನ್ನು ಉಳಿಸುತ್ತದೆ ಅನ್ನುವುದಕ್ಕೆ ಚರ್ಚ್ ಇತಿಹಾಸದಲ್ಲಿ ಹಲವು ವಿವರಣೆಗಳಿವೆ. ಆರಂಭದ ಕಾಲದವರು ಅದನ್ನು ಮರಣದ ಮೇಲಿನ ಗೆಲುವು ಎಂದು ನೋಡಿದರು. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್, ದೇವರಿಗೆ ಸಲ್ಲಬೇಕಾದ ಗೌರವ ಸಂದಾಯವಾಯಿತು ಎಂದ. ಮುಂದಿನ ಶತಮಾನದಲ್ಲಿ ಪ್ಯಾರಿಸ್ಸಿನ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಹೃದಯ ಕರಗುತ್ತದೆ ಎಂದ. ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟಿದ ಸುಧಾರಣೆಯ ಕಾಲದ ಕ್ಯಾಲ್ವಿನ್ ಮುಂತಾದವರು ನಮ್ಮ ಬದಲಿಗೆ ಯೇಸು ಶಿಕ್ಷೆ ಹೊತ್ತರು ಎಂದರು. ಇಡೀ ಕ್ರೈಸ್ತ ಸಭೆಯ ಮಹಾಸಭೆ ಯಾವುದೂ ಇವುಗಳಲ್ಲಿ ಒಂದನ್ನೇ ಆರಿಸಿ ಇದೊಂದೇ ಸರಿ ಅಂದಿಲ್ಲ. ನನಗೆ ಮೊದಲನೆಯದು ಹೆಚ್ಚು ಹತ್ತಿರ. ಯಾವುದನ್ನು ಒಪ್ಪಿದರೂ ಕೊಟ್ಟವರು ಯಾರು ಅನ್ನುವುದನ್ನು ಮಾತ್ರ ಮರೆಯಬೇಡಿ.

ಹಾಗಾದರೆ ದೇವರು ಕೇಳಿದರು ಅಂತ ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಕೊಡಲು ಹೋದದ್ದು?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯದ ಈ ಕಥೆ ಕಷ್ಟದ್ದು. ನಾನದನ್ನು ಚಿಕ್ಕ ಮಕ್ಕಳಿಗೆ ಹೇಳುವುದಿಲ್ಲ. ದೊಡ್ಡವರಿಗೆ ಹೇಳುವಾಗ ಕೊನೆಯವರೆಗೂ ಓದಿ ಅನ್ನುತ್ತೇನೆ. ಎತ್ತಿದ ಕೈಯನ್ನು ದೇವರೇ ತಡೆಯುತ್ತಾರೆ. ಮಗ ಬದುಕಿ ಉಳಿಯುತ್ತಾನೆ. ನನಗೆ ಬೇಕಾದದ್ದು ಕರುಣೆ, ಬಲಿಯಲ್ಲ ಎಂದು ಆಮೇಲೆ ಹೋಶೇಯ ಪ್ರವಾದಿ ಹೇಳಿದ. ಆ ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ಎತ್ತಿ ಹೇಳುತ್ತಾರೆ.

ತ್ಯಾಗದ ಪ್ರೀತಿ ಅಂದರೆ ಸಾಯಲೇಬೇಕಾ?

ಇಲ್ಲ. ಯೇಸು ಶಿಷ್ಯರಿಗೆ ಕೊಟ್ಟ ಪಾಠ ಒಂದು ಬೋಗುಣಿ ನೀರು ಮತ್ತು ಒಂದು ವಸ್ತ್ರದಿಂದ ಶುರುವಾಗುತ್ತದೆ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಅಂದು ಮನೆಯಾಳಿನ ಕೆಲಸ. ಗುರುವಾದವರು ಅದನ್ನು ಮಾಡಿದರು. ಶಿಷ್ಯ ಪೇತ್ರ ಬೇಡ ಬೇಡ ಅಂದ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಕ್ಯಾಥೊಲಿಕ್ ಚರ್ಚುಗಳಲ್ಲಿ ಪಾದ್ರಿಗಳು ಇವತ್ತಿಗೂ ಮೊಣಕಾಲೂರಿ ಜನರ ಕಾಲು ತೊಳೆಯುತ್ತಾರೆ. ನೀವು ಹಿಂದೆ ಹೋಗಿರದಿದ್ದರೆ ಒಮ್ಮೆ ಹೋಗಿ ನೋಡಿ. ಯಾರು ಬೇಕಾದರೂ ಕೂತು ನೋಡಬಹುದು.

ಯೋಹಾನನ ಮೊದಲ ಪತ್ರದಲ್ಲೂ ಇದೇ ಕ್ರಮ ಇದೆ. 3ನೇ ಅಧ್ಯಾಯದ ಒಂದು ವಚನ ಸಹೋದರರಿಗಾಗಿ ಪ್ರಾಣ ಕೊಡಬೇಕು ಅನ್ನುತ್ತದೆ. ಮರುವಚನವೇ ಅನ್ನ ಬಟ್ಟೆಗೆ ಇಳಿಯುತ್ತದೆ: ನಿನ್ನ ಹತ್ತಿರ ಇದ್ದೂ, ಇಲ್ಲದವನನ್ನು ಕಂಡು ಮನಸ್ಸು ಮುಚ್ಚಿಕೊಂಡರೆ ಅದೆಂಥ ಪ್ರೀತಿ? ಪ್ರಾಣ ಕೊಡುವ ಸಂದರ್ಭ ಹೆಚ್ಚಿನವರಿಗೆ ಬರುವುದೇ ಇಲ್ಲ. ಅನ್ನ ಕೊಡುವ ಸಂದರ್ಭ ದಿನಾ ಬರುತ್ತದೆ.

ನಿಜವಾಗಿ ಇನ್ನೊಬ್ಬರಿಗಾಗಿ ಪ್ರಾಣ ಕೊಟ್ಟವರು ಇದ್ದಾರಾ?

ಇದ್ದಾರೆ. ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುವವರು ಪೋಲೆಂಡಿನ ಫ್ರಾನ್ಸಿಸ್ಕನ್ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ. ನಾಜಿಗಳು 1941ರಲ್ಲಿ ಅವರನ್ನು ಹಿಡಿದು ಆಶ್‌ವಿಟ್ಜ್ ಶಿಬಿರಕ್ಕೆ ಹಾಕಿದರು. ಅಲ್ಲಿ ಅವರ ಹೆಸರು ಹೋಗಿ 16670 ಅನ್ನುವ ನಂಬರ್ ಬಂತು. ಜುಲೈ ಕೊನೆಯಲ್ಲಿ ಒಬ್ಬ ಕೈದಿ ಕಾಣೆಯಾದ. ಅದಕ್ಕೆ ಶಿಕ್ಷೆಯಾಗಿ ಅಧಿಕಾರಿಗಳು ಹತ್ತು ಜನರನ್ನು ಆರಿಸಿದರು. ಅವರನ್ನು ನೆಲಮಾಳಿಗೆಯ ಕೋಣೆಗೆ ಹಾಕಿ ಅನ್ನ ನೀರು ಕೊಡದೆ ಸಾಯಿಸುವುದು ಅಂತ. ಆ ಹತ್ತರಲ್ಲಿ ಫ್ರಾನ್ಸಿಶೆಕ್ ಗಾಯೊವ್ನಿಚೆಕ್ ಅನ್ನುವ ಸೈನಿಕ ಇದ್ದ. ಅಯ್ಯೋ ನನ್ನ ಹೆಂಡತಿ, ನನ್ನ ಮಕ್ಕಳು ಎಂದು ಅತ್ತ. ಕೋಲ್ಬೆ ಸಾಲು ಬಿಟ್ಟು ಮುಂದೆ ಬಂದರು. ನಾನೊಬ್ಬ ಪಾದ್ರಿ, ಇವನ ಬದಲು ನಾನು ಹೋಗುತ್ತೇನೆ ಅಂದರು. ಅಧಿಕಾರಿ ಒಪ್ಪಿದ.

ಎರಡು ವಾರ ಆ ಕೋಣೆಯಿಂದ ಪ್ರಾರ್ಥನೆ, ಹಾಡು ಕೇಳಿಸುತ್ತಿತ್ತಂತೆ. ಕೊನೆಗೆ ಕೋಲ್ಬೆ ಸೇರಿ ನಾಲ್ಕೇ ಜನ ಉಳಿದಿದ್ದರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ಕೊಟ್ಟು ಸಾಯಿಸಿದರು. ಅವರಿಗೆ 47 ವರ್ಷ.

ಗಾಯೊವ್ನಿಚೆಕ್ ಬದುಕಿದ. ಯುದ್ಧ ಮುಗಿದ ಮೇಲೆ ಮನೆ ಸೇರಿದ. ಹೆಂಡತಿ ಇದ್ದಳು. ಯಾವ ಮಕ್ಕಳಿಗಾಗಿ ಅತ್ತಿದ್ದನೋ ಆ ಇಬ್ಬರೂ ಯುದ್ಧದಲ್ಲಿ ಸತ್ತಿದ್ದರು. ಈ ಭಾಗ ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗ, ಹಾಗಾದರೆ ಪಾದ್ರಿ ಸತ್ತದ್ದು ದಂಡ ಅಲ್ವಾ ಮಿಸ್ ಅಂತ ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ವಾರವೆಲ್ಲ ಯೋಚಿಸಿದೆ. ಕೋಲ್ಬೆ ಫಲ ಲೆಕ್ಕ ಹಾಕಿ ಮುಂದೆ ಬರಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಅಳುತ್ತಿದ್ದ, ಅವನಿಗಾಗಿ ಬಂದರು. ಆ ಮನುಷ್ಯ 1995ರವರೆಗೆ ಬದುಕಿದ, 93 ವರ್ಷ. 1982ರ ಅಕ್ಟೋಬರ್ 10ರಂದು ಪೋಪ್ ಎರಡನೇ ಜಾನ್ ಪಾಲ್ ಕೋಲ್ಬೆಯವರನ್ನು ಸಂತ ಎಂದು ಸಾರಿದಾಗ ರೋಮ್‌ನಲ್ಲಿ ಆತನೂ ಇದ್ದ. ಮುಂದಿನ ಭಾನುವಾರ ಹುಡುಗನಿಗೆ ಇಷ್ಟೇ ಹೇಳಿದೆ.

ಭಾರತದಲ್ಲಿ, ನಮ್ಮ ಕಡೆ ಅಂಥವರು ಯಾರಾದರೂ?

ಮಂಗಳೂರಿನ ಕಂಕನಾಡಿಗೆ ಹೋದವರು ಫಾದರ್ ಮುಲ್ಲರ್ ಆಸ್ಪತ್ರೆ ನೋಡಿರುತ್ತೀರಿ. ಜರ್ಮನಿಯಲ್ಲಿ ಹುಟ್ಟಿದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದ್ದು ಅದರ ಬೇರು. ಹತ್ತು ವರ್ಷದ ನಂತರ ಅವರು ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ಆ ರೋಗಕ್ಕೆ ಗುಣಪಡಿಸುವ ಮದ್ದು ಇರಲಿಲ್ಲ. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ 16 ವರ್ಷ ಬಾಳಿದ ಬೆಲ್ಜಿಯಂನ ಫಾದರ್ ಡೇಮಿಯನ್ ಅದೇ ರೋಗ ತಗುಲಿ ತೀರಿಕೊಂಡು ಇನ್ನೂ ಒಂದೇ ವರ್ಷ ಆಗಿತ್ತು. ಮುಲ್ಲರ್ 1910ರಲ್ಲಿ ತೀರಿಕೊಂಡರು. ಅವರ ಬದುಕಿನಲ್ಲಿ ಕೋಲ್ಬೆಯ ಹಾಗೆ ಒಂದು ದಿನದ ದೊಡ್ಡ ಘಟನೆ ಇಲ್ಲ. ಬೆಳಗಾದರೆ ಗಾಯ ತೊಳೆಯುವ ಕೆಲಸ. ನನಗೇನೋ ಅದೇ ಜಾಸ್ತಿ ಕಷ್ಟದ್ದು ಅನ್ನಿಸುತ್ತದೆ.

ಕೆಟ್ಟದ್ದು ಮಾಡಿದವರನ್ನೂ ಪ್ರೀತಿಸಬೇಕಾ? ಆಗುವ ಮಾತೇ?

ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ 1965ರಿಂದ ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದರು. 1999ರ ಜನವರಿಯಲ್ಲಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರು ಮತ್ತು ಅವರ ಇಬ್ಬರು ಗಂಡುಮಕ್ಕಳು ಜೀಪಿನಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿ ಸುಟ್ಟಿತು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಹೆಂಡತಿ ಗ್ಲ್ಯಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳ ಜೊತೆ ಅಲ್ಲೇ ಉಳಿದು ಕೆಲಸ ಮುಂದುವರಿಸಿದರು. ಸರ್ಕಾರ 2005ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟಿತು.

ಅವರು ಕ್ಷಮಿಸಿದರು ಅಂತ ಮೊಕದ್ದಮೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಕ್ಷಮೆ ಆ ತಾಯಿಯ ಹೃದಯದ ಕೆಲಸ. ನ್ಯಾಯ ಕಾನೂನಿನ ಕೆಲಸ. ಎರಡೂ ಬೇಕು. ಇನ್ನು, ಅವರ ಹಾಗೆ ನೀನೂ ಕ್ಷಮಿಸು ಎಂದು ನೊಂದವರ ಮನೆಗೆ ಹೋಗಿ ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ದುಃಖದ ಮನೆಯಲ್ಲಿ ಬಾಯಿಗೆ ಬಂದದ್ದು ಆಡಬೇಡಿ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ.

ಗಂಡ ಹೊಡೆಯುತ್ತಾನೆ. "ಅದು ನಿನ್ನ ಶಿಲುಬೆ, ಹೊತ್ತುಕೋ" ಅನ್ನುತ್ತಾರೆ. ಸಹಿಸಿಕೊಳ್ಳಬೇಕಾ?

ಬೇಡ. ಈ ಪುಟವನ್ನು ಬರೆಯಲು ಕೂತದ್ದೇ ಈ ಒಂದು ಪ್ರಶ್ನೆಗಾಗಿ.

ಹಾಗೆ ಹೇಳುವವರು ಶಿಲುಬೆಯ ಅರ್ಥವನ್ನೇ ತಲೆಕೆಳಗು ಮಾಡುತ್ತಿದ್ದಾರೆ. ಯೇಸು ತಾವಾಗಿಯೇ ಕೊಟ್ಟರು, ಇನ್ನೊಬ್ಬರು ಬದುಕಲಿ ಎಂದು ಕೊಟ್ಟರು. ಹೊಡೆತ ತಿನ್ನುವ ಹೆಂಡತಿ ಕೊಡುತ್ತಿಲ್ಲ, ಅವಳಿಂದ ಕಿತ್ತುಕೊಳ್ಳುತ್ತಿದ್ದಾರೆ. ಅದರಿಂದ ಗಂಡನಿಗೂ ಒಳಿತಾಗುವುದಿಲ್ಲ. ಅವನ ಕೈ ಇನ್ನೂ ಸಲೀಸಾಗುತ್ತದೆ ಅಷ್ಟೇ. ನೋಡುವ ಮಕ್ಕಳು ಅದನ್ನೇ ಕಲಿಯುತ್ತಾರೆ.

ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಮದುವೆಯಲ್ಲಿ ಓದುತ್ತಾರಲ್ಲ, ಹೆಂಡತಿಯರೇ ಅಧೀನರಾಗಿರಿ ಅನ್ನುವ ಸಾಲು ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ವಚನ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅನ್ನುತ್ತದೆ. ಮುಂದೆ, ಕ್ರಿಸ್ತನು ತನ್ನನ್ನೇ ಕೊಟ್ಟ ಹಾಗೆ ನಿಮ್ಮನ್ನು ಕೊಡುವ ಪ್ರೀತಿಯಿಂದ ಪ್ರೀತಿಸಿರಿ ಎಂಬ ಮಾತು ಬರುತ್ತದೆ. ಅದನ್ನು ಹೇಳಿದ್ದು ಯಾರಿಗೆ? ಗಂಡಂದಿರಿಗೆ. ಆ ಭಾಗದಲ್ಲಿ ಶಿಲುಬೆಯ ಮಾದರಿ ಗಂಡನ ಹೆಗಲ ಮೇಲಿದೆ.

ತಪ್ಪಿಸಿಕೊಂಡು ಹೋಗುವುದು ಪ್ರೀತಿ ಕಡಿಮೆಯಾದ ಲಕ್ಷಣವೂ ಅಲ್ಲ. ಜನ ಕಲ್ಲೆತ್ತಿದಾಗ ಯೇಸು ದೇವಾಲಯದಿಂದ ಮರೆಯಾಗಿ ಹೊರಟುಹೋದರು. ಪೌಲನನ್ನು ದಮಸ್ಕದಲ್ಲಿ ಕೊಲ್ಲಲು ಕಾಯುತ್ತಿದ್ದಾಗ ಗೆಳೆಯರು ಬುಟ್ಟಿಯಲ್ಲಿ ಕೂರಿಸಿ ಕೋಟೆಗೋಡೆಯಿಂದ ಕೆಳಗಿಳಿಸಿದರು. ನಿಮಗೂ ಒಂದು ಬುಟ್ಟಿ ಬೇಕಾಗಿದ್ದರೆ ಅದನ್ನು ಹಿಡಿಯುವುದು ಸಭೆಯ ಕರ್ತವ್ಯ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾನೂನು ಇದೆ. ಪಾಸ್ಟರ್ ಒಪ್ಪಿಗೆಗೆ ಕಾಯಬೇಕಾಗಿಲ್ಲ.

ಬಡ ವಿಧವೆ ಎರಡು ಕಾಸು ಹಾಕಿದ ಕಥೆ? ಇರುವುದನ್ನೆಲ್ಲ ಕಾಣಿಕೆ ಹಾಕಬೇಕು ಅಂತ ಅಲ್ವಾ?

ಮಾರ್ಕ 12ನೇ ಅಧ್ಯಾಯ. ಇದನ್ನು ಹೆಚ್ಚಾಗಿ ಕಾಣಿಕೆ ಎತ್ತುವ ಮೊದಲು ಓದುತ್ತಾರೆ, ಆದ್ದರಿಂದ ಹಾಗೆ ಅನ್ನಿಸುತ್ತದೆ. ಒಂದೇ ಒಂದು ವಚನ ಹಿಂದಕ್ಕೆ ಹೋಗಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರ ಹೇಳಿ ಈಗಷ್ಟೇ ಮುಗಿಸಿದ್ದಾರೆ. ಆಮೇಲೆ ಆ ವಿಧವೆ ಬರುತ್ತಾಳೆ. ತನ್ನ ಜೀವನಕ್ಕಿದ್ದದ್ದನ್ನೆಲ್ಲ ಹಾಕುತ್ತಾಳೆ. ಯೇಸು ಅವಳ ಮನಸ್ಸನ್ನು ಮೆಚ್ಚಿದರು, ನಿಜ. ಅವಳನ್ನು ಆ ಸ್ಥಿತಿಗೆ ತಂದವರನ್ನು ಮೆಚ್ಚಲಿಲ್ಲ. ಮನೆ ಬಾಡಿಗೆಯ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕು ಎಂದು ಯಾರಾದರೂ ಒತ್ತಾಯಿಸಿದರೆ ಈ ಎರಡೂ ಭಾಗ ಸೇರಿಸಿ ಓದಿ ತೋರಿಸಿ.

ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡಿ ಸುಸ್ತಾಗಿದ್ದೇನೆ. ಬೇಜಾರು ಬರುತ್ತದೆ. ನನ್ನಲ್ಲಿ ಪ್ರೀತಿ ಇಲ್ವಾ?

ಇದೆ. ಇಲ್ಲದಿದ್ದರೆ ಈ ಪ್ರಶ್ನೆಯೇ ನಿಮ್ಮನ್ನು ಕಾಡುತ್ತಿರಲಿಲ್ಲ. ನಮ್ಮ ಅತ್ತೆ ಎರಡು ವರ್ಷ ಹಾಸಿಗೆಯಲ್ಲಿದ್ದರು. ರಾತ್ರಿ ಮೂರನೇ ಸಲ ಕರೆದಾಗ ನಾನು ಹಲ್ಲು ಕಚ್ಚಿಕೊಂಡು ಎದ್ದದ್ದು ಎಷ್ಟೋ ಸಲ. ಆಗ ಪ್ರೀತಿ ಅನ್ನುವುದು ಎದೆಯಲ್ಲಿ ಇರಲಿಲ್ಲ, ಎದ್ದು ನಡೆದ ಕಾಲಿನಲ್ಲಿ ಇತ್ತು.

ಯೇಸುವೂ ಜನಜಂಗುಳಿ ಬಿಟ್ಟು ಒಬ್ಬರೇ ಬೆಟ್ಟಕ್ಕೆ ಹೋಗುತ್ತಿದ್ದರು. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬು ಇಟ್ಟುಕೊಂಡು ನಿದ್ದೆ ಹೋಗಿದ್ದರು. ನಿನ್ನನ್ನು ನೀನು ಪ್ರೀತಿಸುವಂತೆ ನೆರೆಯವನನ್ನು ಪ್ರೀತಿಸು ಎನ್ನುವ ಆಜ್ಞೆಯಲ್ಲಿ ನಿಮಗೂ ಜಾಗ ಇದೆ. ಭಾರವನ್ನು ಹಂಚಿಕೊಳ್ಳಿ. ನಾದಿನಿಯನ್ನೋ ಮೈದುನನನ್ನೋ ಬಾಯಿ ಬಿಟ್ಟು ಕೇಳಿ. ಸಭೆಯವರು ಬಂದು ಬರೀ ಪ್ರಾರ್ಥನೆ ಮಾಡಿ ಹೋದರೆ, ವಾರಕ್ಕೊಂದು ಮಧ್ಯಾಹ್ನ ಕೂತುಕೊಳ್ಳಲು ಬರುತ್ತೀರಾ ಅಂತ ಕೇಳಿಬಿಡಿ.

ಇಷ್ಟೆಲ್ಲ ತ್ಯಾಗ ಮಾಡಿದರೆ ಪುಣ್ಯ ಬರುತ್ತದಾ?

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಇದಕ್ಕೆ ಕಟುವಾದ ಉತ್ತರ ಕೊಡುತ್ತದೆ. ಇದ್ದದ್ದನ್ನೆಲ್ಲ ದಾನ ಮಾಡಿದರೂ, ಮೈಯನ್ನೇ ಒಪ್ಪಿಸಿದರೂ, ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನ ಇಲ್ಲ. ಪ್ರೀತಿ ಇಲ್ಲದ ತ್ಯಾಗವೂ ಇರಬಹುದು ಎಂದು ಆತನಿಗೆ ಗೊತ್ತಿತ್ತು. ರಕ್ಷಣೆ ದೇವರ ಕೃಪೆಯಿಂದ, ನಮ್ಮ ಗಳಿಕೆಯಿಂದ ಅಲ್ಲ. ಈ ವಿಷಯದಲ್ಲಿ ಶತಮಾನಗಟ್ಟಲೆ ಜಗಳವಾಡಿದ ಲುಥೆರನ್ನರು ಮತ್ತು ಕ್ಯಾಥೊಲಿಕರು 1999ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಸಹಿ ಹಾಕಿದ ಹೇಳಿಕೆಯೂ ಕೃಪೆಯಿಂದಲೇ ಅನ್ನುತ್ತದೆ. ದೇವರು ಮೊದಲೇ ಕೊಟ್ಟಾಗಿದೆ. ನಾವು ಕೊಡುವುದು ಆ ಸಂತೋಷಕ್ಕೆ.

ಲೆಂಟ್ ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಮಾಂಸ ಬಿಡುವುದೂ ಇದೇನಾ?

ಬಿಟ್ಟದ್ದು ಯಾರ ತಟ್ಟೆಗಾದರೂ ಹೋದರೆ ಹೌದು. ಹಸಿದವರಿಗೆ ಅನ್ನ ಹಂಚುವುದೇ ನನಗಿಷ್ಟವಾದ ಉಪವಾಸ ಎಂದು ಯೆಶಾಯ 58ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾರೆ. 40 ದಿನ ಮಾಂಸ ಬಿಟ್ಟು ಈಸ್ಟರ್ ದಿನ ಎರಡು ಪಟ್ಟು ತಂದರೆ ಉಳಿದದ್ದೇನು? ಆ ದುಡ್ಡನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಯಾರಿಗೆ ಕೊಡಬೇಕು ಅಂತ ಮಕ್ಕಳೇ ಹೇಳಲಿ.

ಇಂಥ ಪ್ರೀತಿ ಕ್ರೈಸ್ತರಲ್ಲಿ ಮಾತ್ರ ಇದೆಯಾ?

ಖಂಡಿತ ಇಲ್ಲ. ನೆರೆಯವನು ಯಾರು ಎಂದು ಕೇಳಿದಾಗ ಯೇಸು ಒಂದು ಕಥೆ ಹೇಳಿದರು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದವರು ಎಂದು ಸ್ವಂತ ಜನರ ಯಾಜಕನನ್ನಾಗಲಿ ದೇವಾಲಯದ ಸೇವೆ ಮಾಡುವ ಲೇವಿಯನನ್ನಾಗಲಿ ತೋರಿಸಲಿಲ್ಲ. ತಮ್ಮ ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನನ್ನು ತೋರಿಸಿದರು.

ಎಲ್ಲಿಂದ ಓದಲು ಶುರುಮಾಡಲಿ?

ಮಾರ್ಕನ ಸುವಾರ್ತೆಯಿಂದ. ಬರೀ 16 ಅಧ್ಯಾಯ, ಬಿಡುವಿನ ದಿನ ಒಂದೇ ಸಲ ಕೂತು ಓದಿ ಮುಗಿಸಬಹುದು. ಆಮೇಲೆ ಯೋಹಾನನ 13ನೇ ಅಧ್ಯಾಯವನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ. ಕಾಲು ತೊಳೆದ ರಾತ್ರಿಯ ಕಥೆ ಅಲ್ಲಿದೆ. ಯೇಸುವನ್ನು ಹಿಡಿದುಕೊಡಲು ನಿಶ್ಚಯ ಮಾಡಿದ್ದ ಶಿಷ್ಯ ಯೂದನೂ ಆ ಊಟಕ್ಕೆ ಕೂತಿದ್ದ, ಮತ್ತು ಅದು ಯೇಸುವಿಗೆ ಗೊತ್ತಿತ್ತು. ಅವನು ಎದ್ದು ಕತ್ತಲೆಗೆ ಹೋಗುವುದು 30ನೇ ವಚನದಲ್ಲಿ. ಅಷ್ಟರಲ್ಲಿ ಅವನ ಕಾಲನ್ನೂ ತೊಳೆದಾಗಿತ್ತು.